ಕಾರಿಗೆ ಬೇರೆಯೇ ಅಂತರಜಾಲ ಬೇಕೆ?

ಹುಣಸೂರಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ಪರಿಚಿತರೊಬ್ಬರು ಹೊಸ ಕಾರು ಕೊಳ್ಳಲು ಹೊರಟಿದ್ದರು. ಷೋರೂಮಿನಲ್ಲಿ ಅವರಿಗೆ ಸೀಟು, ಎಂಜಿನ್, ಮೈಲೇಜುಗಳ ಜೊತೆಗೆ ಇನ್ನೊಂದು ಸೌಲಭ್ಯವನ್ನೂ ವರ್ಣಿಸಿ ಹೇಳಿದರಂತೆ: ಕಾರಿನೊಳಗೇ ವೈ-ಫೈ! ಮೊದಲ ಅವಧಿಗೆ ಉಚಿತ, ಆಮೇಲೆ ಚಂದಾ ಕಟ್ಟಿದರಾಯಿತು. ಮನೆಗೆ ಬಂದವರು ನನಗೆ ಫೋನು ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮ ಮಾವನ ಮನೆ ಎಚ್.ಡಿ. ಕೋಟೆ ಕಡೆ ಸಾರ್. ಕಾಡಿನ ರಸ್ತೆಯಲ್ಲಿ ಫೋನಿಗೆ ಗೆರೆಯೇ ಬರೋದಿಲ್ಲ. ಅಪ್ಪನಿಗೆ ಹೃದಯದ ತೊಂದರೆ ಬೇರೆ. ಈ ವೈ-ಫೈ ಹಾಕಿಸಿಕೊಂಡರೆ ಅಲ್ಲಿ ನೆಟ್ಟು ಸಿಗುತ್ತಾ?"

ಈ ಪ್ರಶ್ನೆ ಅವರೊಬ್ಬರದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ರಸ್ತೆಗಳಲ್ಲಿ ಓಡಾಡುವ ಅನೇಕರು ಇದನ್ನು ಕೇಳಬಹುದು. ಅವರ ಮಾತಿನಲ್ಲಿ ಎರಡು ಆಸೆಗಳು ಬೆರೆತಿರುವುದನ್ನು ಓದುಗರು ಗಮನಿಸಿರಬಹುದು. ಒಂದು, ಪ್ರಯಾಣದಲ್ಲಿ ಅಂತರಜಾಲದ ಅನುಕೂಲ. ಇನ್ನೊಂದು, ಆಪತ್ತಿನಲ್ಲಿ ಆಸರೆ. ಮೊದಲನೆಯದಕ್ಕೆ ಹಣ ಕೊಡುವುದು ಅವರವರ ಇಷ್ಟ. ಆದರೆ ಎರಡನೆಯದು ಸಿಗುತ್ತದೆಂದು ನಂಬಿ ಮೊದಲನೆಯದಕ್ಕೆ ಹಣ ಕಟ್ಟಿದರೆ ಅದು ಅಪಾಯದ ವ್ಯಾಪಾರ. ಆದ್ದರಿಂದ ಈ ಸೌಲಭ್ಯವನ್ನು ತಂತ್ರಜ್ಞಾನದ ದೃಷ್ಟಿಯಿಂದ ಸ್ವಲ್ಪ ಒರೆಗೆ ಹಚ್ಚೋಣ.

ತೂಬು ಬೇರೆ, ನೀರು ಬೇರೆ

ಕಾರಿನ ಹಾಟ್‌ಸ್ಪಾಟ್ ಎಂದರೆ ಒಂದು ಸಿಮ್, ಒಂದು ಮೋಡೆಮ್ ಮತ್ತು ಒಂದು ಪುಟ್ಟ ವೈ-ಫೈ ಪ್ರಸಾರಕ. ಮೋಡೆಮ್ಮು ರಸ್ತೆ ಬದಿಯ ಮೊಬೈಲ್ ಟವರಿನಿಂದ ಸಂಕೇತವನ್ನು ಪಡೆಯುತ್ತದೆ. ವೈ-ಫೈ ಪ್ರಸಾರಕ ಅದನ್ನೇ ಕಾರಿನೊಳಗಿನ ಫೋನು, ಟ್ಯಾಬ್ಲೆಟ್ಟುಗಳಿಗೆ ಹಂಚುತ್ತದೆ. ನಿಮ್ಮ ಜೇಬಿನಲ್ಲಿರುವ ಫೋನು ಮಾಡುವುದೂ ಇದನ್ನೇ. ಅದರಲ್ಲಿ 'ಹಾಟ್‌ಸ್ಪಾಟ್' ಗುಂಡಿ ಒತ್ತಿದರೆ ಪಕ್ಕದವರ ಫೋನಿಗೂ ಅಂತರಜಾಲ ಹರಿಯುತ್ತದೆ.

ಕಾರು ಅಂತರಜಾಲವನ್ನು ಉತ್ಪಾದಿಸುವುದಿಲ್ಲ, ಹಂಚುತ್ತದೆ ಅಷ್ಟೆ. ಇದು ಹೊಸ ವಿಚಾರವೂ ಅಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 2008ರಲ್ಲೇ ಕಾರಿಗೆ ವೈ-ಫೈ ಅಳವಡಿಸಿ ಮಾಸಿಕ ಚಂದಾ ಕೇಳಿತ್ತು. ಜನರಲ್ ಮೋಟಾರ್ಸ್ 2014ರಿಂದ 4ಜಿ ಹಾಟ್‌ಸ್ಪಾಟ್ ಇರುವ ಕಾರುಗಳನ್ನು ಮಾರತೊಡಗಿತು. ತಂತ್ರ ಅಂದೂ ಇದೇ, ಇಂದೂ ಇದೇ.

ಕೆ.ಆರ್. ನಗರದ ರೈತರಿಗೆ ಇದನ್ನು ಹೇಳುವುದು ಸುಲಭ. ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಗದ್ದೆಗೆ ಹಳೆಯ ತೂಬೂ ಸಾಕು. ನಾಲೆಯೇ ಒಣಗಿದ್ದರೆ ಹೊಸ ತೂಬು ಇಟ್ಟು ಫಲವೇನು? ಟವರಿನ ಸಂಕೇತ ನಾಲೆಯ ನೀರು, ಹಾಟ್‌ಸ್ಪಾಟ್ ತೂಬು. ಟವರು ಮುಟ್ಟದ ಕಡೆ ಕಾರಿನ ಚಂದಾ ಏನನ್ನೂ ಕೊಡಲಾರದು.

ಎರಡು ಚಂದಾಗಳ ಗೊಂದಲ

ಷೋರೂಮುಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುವುದುಂಟು. 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್‌ಗಳು ಬಂದ ಮೇಲೆ 'ಕನೆಕ್ಟೆಡ್ ಕಾರು' ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂತು. ಇವುಗಳಲ್ಲಿ ಕಾರಿನೊಳಗೇ ಕೂಡಿಸಿದ ಇ-ಸಿಮ್ ಇರುತ್ತದೆ. ಕಾರು ಎಲ್ಲಿದೆ ಎಂದು ಫೋನಿನಲ್ಲಿ ನೋಡುವುದು, ದೂರದಿಂದಲೇ ಬಾಗಿಲು ಬೀಗ ಹಾಕುವುದು, ಅಪಘಾತವಾದರೆ ಸಹಾಯ ಕೇಂದ್ರಕ್ಕೆ ಸೂಚನೆ ಕಳಿಸುವುದು ಅದರ ಕೆಲಸ. ಇದು ಯಂತ್ರ ಯಂತ್ರದೊಡನೆ ನಡೆಸುವ ಸಂಭಾಷಣೆ, ಪ್ರಯಾಣಿಕರ ಅಂತರಜಾಲವಲ್ಲ.

ನಮ್ಮ ದೂರಸಂಪರ್ಕ ಇಲಾಖೆ 2018ರಲ್ಲಿ ಇಂಥ ಯಂತ್ರಗಳ ಸಿಮ್‌ಗಳಿಗೆ 13 ಅಂಕಿಗಳ ಸಂಖ್ಯೆಯನ್ನು ಗೊತ್ತುಮಾಡಿತು. ಅವುಗಳ ಕರೆ ಮತ್ತು ದತ್ತಾಂಶ ಮೊದಲೇ ನಿಗದಿಪಡಿಸಿದ ವಿಳಾಸಗಳಿಗೆ ಮಾತ್ರ ಹೋಗಬೇಕೆಂಬ ನಿರ್ಬಂಧವನ್ನೂ ಹಾಕಿತು. ಆದ್ದರಿಂದ 'ಕಾರಿನಲ್ಲಿ ಇ-ಸಿಮ್ ಇದೆ' ಎಂದ ಮಾತ್ರಕ್ಕೆ 'ಕಾರಿನಲ್ಲಿ ವೈ-ಫೈ ಇದೆ' ಎಂದು ತಿಳಿಯಬಾರದು. ಕೆಲವು ಕಾರುಗಳಲ್ಲಿ ವೈ-ಫೈ ಇರುತ್ತದೆ, ಆದರೆ ಅದು ನಿಮ್ಮ ಫೋನಿನ ಹಾಟ್‌ಸ್ಪಾಟಿನಿಂದ ಅಂತರಜಾಲವನ್ನು ಪಡೆಯುವ ವೈ-ಫೈ! ಕೊಡುವುದಲ್ಲ, ಕೇಳುವುದು. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಚಂದಾ ಕಾರಿನ ಸಂಭಾಷಣೆಗೋ, ನಮ್ಮ ಫೋನುಗಳ ಅಂತರಜಾಲಕ್ಕೋ?

ಸೂರಿನ ಮೇಲಿನ ಆಂಟೆನಾ

ಹಾಗಾದರೆ ಕಾರಿನ ಹಾಟ್‌ಸ್ಪಾಟಿನಲ್ಲಿ ಫೋನಿಗಿಲ್ಲದ ಗುಣವೇ ಇಲ್ಲವೆ? ಒಂದಿದೆ. ನ್ಯಾಯವಾಗಿ ಅದನ್ನು ಒಪ್ಪಿಕೊಳ್ಳಬೇಕು. ಅದು ಕಾರಿನ ಸೂರಿನ ಮೇಲಿನ ಆಂಟೆನಾ.

ಲೋಹದ ಪಂಜರದೊಳಗೆ ಹೊರಗಿನ ವಿದ್ಯುತ್ ಪ್ರಭಾವ ಹೋಗಲಾರದು ಎಂಬುದನ್ನು ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ. ಕಾರು ಪೂರ್ಣ ಪಂಜರವಲ್ಲ, ಗಾಜಿನ ಕಿಟಕಿಗಳಿಂದ ರೇಡಿಯೋ ತರಂಗಗಳು ಒಳಬರುತ್ತವೆ. ಆದರೂ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ. ಬಿಸಿಲು ತಡೆಯಲು ಗಾಜಿಗೆ ಲೋಹದ ತೆಳು ಲೇಪ ಹಾಕಿದ್ದರಂತೂ ಸೋರಿಕೆ ಇನ್ನೂ ಹೆಚ್ಚು. ಈ ನಷ್ಟವನ್ನು 10 ಡೆಸಿಬೆಲ್ ಎಂದು ಇಟ್ಟುಕೊಳ್ಳೋಣ. ಅಂದರೆ ಹೊರಗಿರುವ ಶಕ್ತಿಯ ಹತ್ತನೇ ಒಂದು ಪಾಲು ಮಾತ್ರ ಒಳಗಿನ ಫೋನಿಗೆ ಸಿಗುತ್ತದೆ. ಸೂರಿನ ಮೇಲಿನ ಆಂಟೆನಾ ಈ ನಷ್ಟವನ್ನು ಉಳಿಸುತ್ತದೆ.

ಹತ್ತು ಪಟ್ಟು ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಆದರೆ ದೂರಕ್ಕೆ ಪರಿವರ್ತಿಸಿ ನೋಡಿ. ಮರಗಿಡ, ಏರುತಗ್ಗುಗಳಿರುವ ನೆಲದ ಮೇಲೆ ಸಂಕೇತದ ಶಕ್ತಿ ದೂರದ ಸುಮಾರು ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಶಕ್ತಿ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಹತ್ತು ಪಟ್ಟು ಶಕ್ತಿ ಉಳಿಸಿದರೆ ಹೆಚ್ಚುವ ದೂರ ಕೇವಲ 1.8 ಪಟ್ಟು. ಟವರಿನಿಂದ 3 ಕಿ.ಮೀ. ವರೆಗೆ ಕಾರಿನೊಳಗಿನ ಫೋನು ಕೆಲಸ ಮಾಡುತ್ತಿದ್ದರೆ ಸೂರಿನ ಆಂಟೆನಾ ಸುಮಾರು 5.3 ಕಿ.ಮೀ. ವರೆಗೆ ಕೆಲಸ ಮಾಡೀತು. ಹೆಚ್ಚುವರಿ 2.3 ಕಿ.ಮೀ.ಯನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು ಬೇಕಾದ ಸಮಯ ಮೂರೂವರೆ ನಿಮಿಷ. ದಟ್ಟ ಕಾಡಿನಲ್ಲಿ ಎಲೆಗಳೂ ತರಂಗಗಳನ್ನು ಹೀರುವುದರಿಂದ ಲಾಭ ಇನ್ನೂ ಕಡಿಮೆ. ಚಂದಾದ ಹಣ ಹೋಗುವುದು ಮುಖ್ಯವಾಗಿ ಈ ಕೆಲವು ನಿಮಿಷಗಳಿಗೆ.

ಇನ್ನೂ ಒಂದು ಮಾತಿದೆ. ಸಂಪರ್ಕವೆಂದರೆ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಉತ್ತರವನ್ನೂ ಕೊಡಬೇಕು. 4ಜಿ ಫೋನು ಟವರಿನ ಕಡೆಗೆ ಕಳಿಸುವ ಗರಿಷ್ಠ ಶಕ್ತಿ ಸಾಮಾನ್ಯವಾಗಿ 200 ಮಿಲಿವಾಟ್. ಕಾರಿನ ಮೋಡೆಮ್ಮಿಗೂ ಸಾಮಾನ್ಯವಾಗಿ ಅದೇ ಮಿತಿ. ಕಾರು ದೊಡ್ಡದೆಂದು ಅದರ ಕೂಗು ದೊಡ್ಡದಾಗುವುದಿಲ್ಲ.

ಸೂರಿನ ಮೇಲೆ ಮೀನಿನ ರೆಕ್ಕೆಯಂಥ ಕೊಡು ಇದ್ದರೆ ಅದು ಮೊಬೈಲ್ ಆಂಟೆನಾ ಎಂದೇ ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದು ಎಫ್.ಎಂ. ರೇಡಿಯೋಗೆ ಮಾತ್ರ. ಇನ್ನು ಸ್ಟಿಯರಿಂಗಿನ ಕೆಳಗಿರುವ ಒಬಿಡಿ ಕಿಂಡಿಗೆ ಸಿಕ್ಕಿಸುವ ಸಾಧನಗಳಿವೆ. 2023ರ ನವೆಂಬರ್‌ನಲ್ಲಿ ರೂ. 4,999ಕ್ಕೆ ಮಾರುಕಟ್ಟೆಗೆ ಬಂದ ಜಿಯೋಮೋಟಿವ್ ಈ ಜಾತಿಯದು. ಹಳೆಯ ಕಾರಿನ ಜಾಡು ಹಿಡಿಯಲು, ಎಂಜಿನ್ನಿನ ಸ್ಥಿತಿ ತಿಳಿಯಲು ಇವು ಉಪಯುಕ್ತ. ಆದರೆ ಇಂಥ ಸಾಧನಗಳಿಗೆ ಸಾಮಾನ್ಯವಾಗಿ ಹೊರಗಿನ ಆಂಟೆನಾ ಇರುವುದಿಲ್ಲ. ಅವು ಕೂರುವ ಜಾಗವೋ ಡ್ಯಾಶ್‌ಬೋರ್ಡಿನ ಕೆಳಗಿನ ಮೂಲೆ. ಮುಂಗಾಜಿನ ಬಳಿ ನಿಲ್ಲಿಸಿದ ಫೋನಿಗಿಂತ ಅಲ್ಲಿ ಸಂಕೇತ ಉತ್ತಮವಾಗಿರಲು ಕಾರಣವಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೆಲ

ಈಗ ನಮ್ಮ ರಸ್ತೆಗಳಿಗೆ ಬರೋಣ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕುಶಾಲನಗರದ ಕಡೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 275. ಊರುಗಳು ಹತ್ತಿರ ಹತ್ತಿರ, ಹೊಲಗಳು ಬಯಲು, ವಾಹನ ದಟ್ಟಣೆಯೂ ಹೆಚ್ಚು. ಕಂಪನಿಗಳು ಮೊದಲು ಟವರು ನಿಲ್ಲಿಸುವುದೇ ಇಂಥ ಕಡೆ. ಇಲ್ಲಿ ಫೋನಿನ ಹಾಟ್‌ಸ್ಪಾಟೇ ಧಾರಾಳವಾಗಿ ಸಾಕು.

ಹೆದ್ದಾರಿ ಬಿಟ್ಟು ಬೆಟ್ಟದಪುರದ ಕಡೆ ತಿರುಗಿದರೆ ಬೆಟ್ಟದ ನೆರಳಿನ ಸಮಸ್ಯೆ ಎದುರಾಗಬಹುದು. ಬೆಳಕಿಗೆ ನೆರಳಿರುವಂತೆ ರೇಡಿಯೋ ತರಂಗಕ್ಕೂ ನೆರಳಿದೆ. 700, 850, 900 ಮೆಗಾಹರ್ಟ್ಸ್‌ನಂಥ ಕಡಿಮೆ ಆವೃತ್ತಿಯ ತರಂಗಗಳು ಅಂಚಿನಲ್ಲಿ ಸ್ವಲ್ಪ ಬಾಗಿ ಹೋಗುತ್ತವೆ. 5ಜಿಯ ವೇಗಕ್ಕೆ ಬಳಸುವ 3500 ಮೆಗಾಹರ್ಟ್ಸ್ ತರಂಗಗಳಿಗೆ ಆ ಗುಣ ಕಡಿಮೆ, ಅವು ದೂರ ಹೋಗುವುದೂ ಕಡಿಮೆ. ಆದ್ದರಿಂದ ಹಳ್ಳಿಯ ಅಂಚಿನಲ್ಲಿ '5ಜಿ ಕಾರು' ಎಂಬ ಬಿರುದಿಗೆ ಹೆಚ್ಚಿನ ಬೆಲೆಯಿಲ್ಲ. ಅಲ್ಲಿ ನಿಮ್ಮ ಕೈಹಿಡಿಯುವುದು ಕಡಿಮೆ ಆವೃತ್ತಿಯ ಟವರು.

ಕೆ.ಆರ್. ನಗರ ಸೀಮೆಯದು ಕಾವೇರಿಯ ನೀರುಂಡ ಬಯಲು. ಅಲ್ಲಿ ಸಂಕೇತ ತಲುಪಲು ಅಡ್ಡಿ ಕಡಿಮೆ. ಆದರೆ ಜನವರಿಯಲ್ಲಿ ಚುಂಚನಕಟ್ಟೆಯ ಜಾನುವಾರು ಜಾತ್ರೆಗೆ ಹೋದವರು ಇನ್ನೊಂದು ಬಗೆಯ ತೊಂದರೆಯನ್ನು ಕಾಣಬಹುದು. ಫೋನಿನಲ್ಲಿ ಗೆರೆಗಳು ತುಂಬಾ ಇರುತ್ತವೆ, ಅಂತರಜಾಲ ಮಾತ್ರ ಮುಂದಕ್ಕೆ ಸಾಗುವುದಿಲ್ಲ. ಸಾವಿರಾರು ಫೋನುಗಳು ಒಂದೇ ಟವರಿನ ಸಾಮರ್ಥ್ಯವನ್ನು ಹಂಚಿಕೊಳ್ಳುವಾಗ ಪ್ರತಿಯೊಬ್ಬರ ಪಾಲೂ ಕುಗ್ಗುತ್ತದೆ. ಕಾರಿನ ಮೋಡೆಮ್ಮು ಆ ಸರದಿಯಲ್ಲಿ ನಿಲ್ಲುವ ಇನ್ನೊಬ್ಬ ಅಷ್ಟೆ.

ಎಚ್.ಡಿ. ಕೋಟೆಯ ಮಾತೇ ಬೇರೆ. ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಬಾವಲಿಯ ಕಡೆಗೆ ಹೋಗುವ ರಸ್ತೆ ನಾಗರಹೊಳೆ ಹುಲಿ ರಕ್ಷಿತಾರಣ್ಯದೊಳಗೆ ಸಾಗುತ್ತದೆ. ಅಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವೂ ಇದೆ. ಕಾಡಿನೊಳಗೆ ಟವರುಗಳು ವಿರಳ. ಸಹಾಯಕ್ಕೆ ಸಂಪರ್ಕ ಅತ್ಯಂತ ಬೇಕಾಗುವುದು ಇಂಥ ಜಾಗದಲ್ಲಿ, ಹಾಟ್‌ಸ್ಪಾಟ್ ಅತ್ಯಂತ ನಿಷ್ಪ್ರಯೋಜಕವಾಗುವುದೂ ಇಂಥ ಜಾಗದಲ್ಲೇ.

ಆಪತ್ತಿಗೆ ಯಾವುದು ಆಸರೆ?

ನಮ್ಮ ಪರಿಚಿತರ ನಿಜವಾದ ಆತಂಕ ಇಲ್ಲಿದೆ. ಅದಕ್ಕೆ ಉತ್ತರ ಹಾಟ್‌ಸ್ಪಾಟಿನಲ್ಲಿಲ್ಲ, ಆದರೆ ಉತ್ತರವೇ ಇಲ್ಲವೆಂದಲ್ಲ.

ಮೊದಲನೆಯದು 112. ನಿಮ್ಮ ಕಂಪನಿಯ ಟವರು ಸಿಗದಿದ್ದರೂ ಬೇರೆ ಕಂಪನಿಯ ಸಂಕೇತ ಸಿಕ್ಕಿದರೆ ಅದರ ಮೂಲಕ ತುರ್ತು ಕರೆ ಹೋಗುವಂತೆ ಮೊಬೈಲ್ ಮಾನದಂಡಗಳನ್ನು ರೂಪಿಸಲಾಗಿದೆ. ಫೋನಿನ ಪರದೆಯ ಮೇಲೆ 'ತುರ್ತು ಕರೆ ಮಾತ್ರ' ಎಂದು ಬರುವುದು ಇದೇ ಕಾರಣಕ್ಕೆ. ದತ್ತಾಂಶಕ್ಕೆ ಈ ಸವಲತ್ತಿಲ್ಲ. ಚಂದಾ ಕಟ್ಟಿದ ಕಾರಿನ ವೈ-ಫೈ ನಿಂತುಹೋದ ಜಾಗದಲ್ಲೂ ಸಾಮಾನ್ಯ ಫೋನಿನಿಂದ 112ಕ್ಕೆ ಕರೆ ಹೋಗಬಹುದು. ಅಂತರಜಾಲ ತೆರೆಯದ ದುರ್ಬಲ ಸಂಕೇತದಲ್ಲೂ ಎಸ್ಸೆಮ್ಮೆಸ್ ದಾಟುವುದುಂಟು.

ಎರಡನೆಯದು ಎರಡು ಜಾಲ. ಕಾರಿನ ಹಾಟ್‌ಸ್ಪಾಟ್ ಸಾಮಾನ್ಯವಾಗಿ ಒಂದೇ ಕಂಪನಿಗೆ ಕಟ್ಟುಬಿದ್ದಿರುತ್ತದೆ. ಫೋನಿನಲ್ಲಿ ಎರಡು ಸಿಮ್ ಹಾಕಿಕೊಳ್ಳಬಹುದು. ಒಂದು ಹಳ್ಳಿಯಲ್ಲಿ ಒಂದು ಕಂಪನಿಯ ಟವರು, ಮುಂದಿನ ಹಳ್ಳಿಯಲ್ಲಿ ಇನ್ನೊಂದರದು ಇರುವ ಸೀಮೆಯಲ್ಲಿ ಇದು ಸೂರಿನ ಆಂಟೆನಾಗಿಂತ ದೊಡ್ಡ ಲಾಭ. ಸರ್ಕಾರವೂ ಇದನ್ನು ಬಲ್ಲದು. 2019ರ ಜನವರಿ 1ರಿಂದ ನೋಂದಣಿಯಾಗುವ ಟ್ಯಾಕ್ಸಿ, ಬಸ್ಸುಗಳಂಥ ಸಾರ್ವಜನಿಕ ವಾಹನಗಳಿಗೆ ಸ್ಥಳ ಸೂಚಕ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾಯಿತು. ಅವುಗಳ ಎಐಎಸ್-140 ಮಾನದಂಡ ಕೇಳುವುದು ಒಂದಕ್ಕಿಂತ ಹೆಚ್ಚು ಕಂಪನಿಗಳ ಜಾಲ ಬಳಸಬಲ್ಲ ಇ-ಸಿಮ್ಮನ್ನು. ಪ್ರಾಣದ ಪ್ರಶ್ನೆ ಬಂದಾಗ ಒಂದೇ ಜಾಲ ಸಾಲದೆಂದು ಮಾನದಂಡವೇ ಒಪ್ಪಿರುವಾಗ, ಒಂದೇ ಜಾಲದ ಹಾಟ್‌ಸ್ಪಾಟನ್ನು ಸುರಕ್ಷತೆಯ ಹೆಸರಿನಲ್ಲಿ ಮಾರುವುದು ಸರಿಯಲ್ಲ.

ಮೂರನೆಯದು ಮುಂಜಾಗ್ರತೆ. ಜಿಪಿಎಸ್ ಉಪಗ್ರಹಗಳ ಸಂಕೇತ ಪಡೆಯಲು ಅಂತರಜಾಲ ಬೇಕಿಲ್ಲ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡರೆ ಕಾಡಿನ ನಡುವೆಯೂ ನೀವು ಎಲ್ಲಿದ್ದೀರೆಂದು ಅದು ತೋರಿಸುತ್ತದೆ. ಚೆಕ್‌ಪೋಸ್ಟ್ ಮುಚ್ಚುವ ಹೊತ್ತು, ವೈದ್ಯರ ಸಂಖ್ಯೆ, ಔಷಧಿಯ ಚೀಟಿಯ ಚಿತ್ರ ಫೋನಿನಲ್ಲೇ ಇರಲಿ. ಹೊರಡುವಾಗ ಮನೆಯವರಿಗೆ ತಲುಪುವ ಸಮಯ ಹೇಳಿರಲಿ.

ಲೆಕ್ಕ ಹಾಕಿ ನೋಡಿ

ಆಪತ್ತಿನ ಮಾತು ಬಿಟ್ಟು ಅನುಕೂಲದ ಮಾತಿಗೆ ಬಂದರೂ ಲೆಕ್ಕ ಬೇಕು. ದಾರಿ ತೋರಿಸುವ ನಕ್ಷೆಗೆ ಗಂಟೆಗೆ ಕೆಲವು ಮೆಗಾಬೈಟ್ ಸಾಕು. ಯುಪಿಐ ಪಾವತಿಗೆ ಬೇಕಾಗುವುದು ಇನ್ನೂ ಅಲ್ಪ. ದತ್ತಾಂಶವನ್ನು ನುಂಗುವುದು ಚಲಚಿತ್ರ. ಸಾಧಾರಣ ಗುಣಮಟ್ಟದ ವಿಡಿಯೋಗೆ ಗಂಟೆಗೆ ಸುಮಾರು 0.7 ಜಿ.ಬಿ. ಬೇಕು. ಮೈಸೂರಿನಿಂದ ಪಿರಿಯಾಪಟ್ಟಣಕ್ಕೆ ಒಂದೂವರೆ ಗಂಟೆಯ ದಾರಿ ಎಂದುಕೊಳ್ಳಿ. ಹಿಂದಿನ ಸೀಟಿನ ಇಬ್ಬರು ಮಕ್ಕಳು ಬೇರೆ ಬೇರೆ ಪರದೆಯಲ್ಲಿ ವಿಡಿಯೋ ನೋಡಿದರೆ ಸುಮಾರು 2.1 ಜಿ.ಬಿ. ಖರ್ಚು. ದಿನಕ್ಕೆ 1.5 ಜಿ.ಬಿ. ಕೊಡುವ ಫೋನಿನ ಯೋಜನೆಗೆ ಇದು ಮೀರಿದ್ದು ನಿಜ. ಆದರೆ ತಿಂಗಳಿಗೆ ಇಂಥ ಪ್ರಯಾಣ ಎಷ್ಟು? ಎರಡೋ ಮೂರೋ ಆದರೆ ಆ ದಿನಗಳಿಗೆ ಮಾತ್ರ ಹೆಚ್ಚುವರಿ ದತ್ತಾಂಶ ಹಾಕಿಸಬಹುದು. ಇಲ್ಲವೇ ಹಿಂದಿನ ರಾತ್ರಿ ಮನೆಯ ವೈ-ಫೈನಲ್ಲಿ ವಿಡಿಯೋ ಇಳಿಸಿಕೊಳ್ಳಬಹುದು. ಎರಡು ದಿನದ ನೆಂಟರಿಗಾಗಿ ವರ್ಷವಿಡೀ ಚಪ್ಪರ ಹಾಕಿಡುವವರಿಲ್ಲ.

ಫೋನಿನ ಹಾಟ್‌ಸ್ಪಾಟಿನ ಮೇಲಿರುವ ದೂರು ಎಂದರೆ ಬ್ಯಾಟರಿ ಬೇಗ ಇಳಿಯುವುದು, ಫೋನು ಬಿಸಿಯಾಗುವುದು. ಕಾರಿನ ಚಾರ್ಜರಿಗೆ ಸಿಕ್ಕಿಸಿ, ನೇರ ಬಿಸಿಲು ಬೀಳದಂತೆ ಇಟ್ಟರೆ ಇದಕ್ಕೆ ಬಹುಮಟ್ಟಿಗೆ ಪರಿಹಾರ ಸಿಗುತ್ತದೆ.

ಯಾರಿಗೆ ನಿಜವಾಗಿ ಬೇಕು?

ಹಾಗೆಂದು ಎಲ್ಲರಿಗೂ ಬೇಡವೆನ್ನುವುದು ಸರಿಯಲ್ಲ. ಕಬಿನಿ ದಂಡೆಯ ವಸತಿಗೃಹಗಳಿಗೆ ವಿದೇಶಿ ಪ್ರವಾಸಿಗಳನ್ನು ಕರೆತರುವ ಟ್ಯಾಕ್ಸಿಯವರನ್ನು ನೋಡಿ. ಅವರ ಗಿರಾಕಿಗಳ ಬಳಿ ಭಾರತದ ಸಿಮ್ ಇರದಿರಬಹುದು. ಚಾಲಕರ ಫೋನು ಕರೆಗಳಲ್ಲಿ, ಪಾವತಿಗಳಲ್ಲಿ ನಿರತವಾಗಿರುತ್ತದೆ. ದಿನವೂ ನಾಲ್ಕಾರು ಜನರಿಗೆ ಅಂತರಜಾಲ ಕೊಡಬೇಕಾದ ಅವರಿಗೆ ಪ್ರತ್ಯೇಕ ಸಂಪರ್ಕ ಸಮಂಜಸ. ಕಾಡಂಚಿನ ಹಾಡಿಗಳಿಗೆ ಹೋಗುವ ಸಂಚಾರಿ ಆರೋಗ್ಯ ವಾಹನದಲ್ಲಿ ರೋಗಿಯ ಇಸಿಜಿಯನ್ನು ದೂರದ ವೈದ್ಯರಿಗೆ ಕಳಿಸಬೇಕಾಗಬಹುದು. ಅಲ್ಲಿ ಸೂರಿನ ಆಂಟೆನಾ ಉಳಿಸುವ ಆ ಹತ್ತು ಪಟ್ಟು ಶಕ್ತಿ ಅಮೂಲ್ಯ, ಏಕೆಂದರೆ ವಾಹನ ಓಡುತ್ತಿರುವುದಿಲ್ಲ, ಅಂಚಿನ ಜಾಗದಲ್ಲೇ ಗಂಟೆಗಟ್ಟಲೆ ನಿಂತಿರುತ್ತದೆ. ಆದರೆ ಅದಕ್ಕೆ ಬೇಕಾದದ್ದು ಎರಡು ಸಿಮ್ಮಿನ ರೂಟರ್ ಮತ್ತು ಹೊರ ಆಂಟೆನಾ. ಅವನ್ನು ಬೇಕಾದಾಗ ಬದಲಿಸಬಹುದು.

ಬದಲಿಸುವ ಮಾತು ಮುಖ್ಯ. ಕಾರಿನ ಆಯುಷ್ಯ ಹತ್ತು ಹದಿನೈದು ವರ್ಷ. ಮೊಬೈಲ್ ತಂತ್ರಜ್ಞಾನ ಅಷ್ಟು ಕಾಲ ಕಾಯುವುದಿಲ್ಲ. 2022ರಲ್ಲಿ ಅಮೆರಿಕದ ಕಂಪನಿಗಳು 3ಜಿ ಸೇವೆಯನ್ನು ನಿಲ್ಲಿಸಿದಾಗ ಆ ಮೋಡೆಮ್ಮಿದ್ದ ಎಷ್ಟೋ ಕಾರುಗಳ ಸಂಪರ್ಕ ಸೌಲಭ್ಯಗಳು ಸ್ತಬ್ಧವಾದವು. ಅಪಘಾತ ಸೂಚನೆಯೂ ಅದರಲ್ಲಿ ಸೇರಿತ್ತು. ಕಾರು ಗಟ್ಟಿಯಾಗಿಯೇ ಇತ್ತು, ಅದರ ಕಿವಿ ಮಾತ್ರ ಕಿವುಡಾಯಿತು. ಜೇಬಿನ ಫೋನನ್ನಾದರೆ ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುತ್ತೇವೆ.

ಕೊಳ್ಳುವ ಮುನ್ನ ಒಂದು ಪ್ರಯೋಗ

ಜಾಹೀರಾತನ್ನೂ ನಂಬಬೇಕಿಲ್ಲ, ಈ ಲೇಖನವನ್ನೂ ನಂಬಬೇಕಿಲ್ಲ. ನೀವೇ ಅಳೆಯಬಹುದು. ಅನೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 'ಸಿಮ್ ಸ್ಥಿತಿ' ಎಂಬ ಭಾಗದಲ್ಲಿ ಸಂಕೇತದ ಬಲ ಡಿಬಿಎಂ ಮಾನದಲ್ಲಿ ಕಾಣುತ್ತದೆ. ಅದು ಋಣ ಸಂಖ್ಯೆ. ಸ್ಥೂಲವಾಗಿ, 4ಜಿಯಲ್ಲಿ -90 ಚೆನ್ನಾಗಿದೆ, -110 ದುರ್ಬಲ, -120 ದಾಟಿದರೆ ಸಂಪರ್ಕ ಇಲ್ಲದಂತೆಯೇ. ನೀವು ಪದೇ ಪದೇ ಹೋಗುವ ದಾರಿಯಲ್ಲಿ ಜೊತೆಗಿರುವವರು ಪ್ರತಿ ಊರಿನ ಬಳಿ ಈ ಸಂಖ್ಯೆಯನ್ನು ಎರಡು ಕಂಪನಿಗಳ ಸಿಮ್‌ಗಳಿಗೂ ಬರೆದುಕೊಳ್ಳಲಿ. ಚಾಲಕರು ಈ ಕೆಲಸ ಮಾಡಬಾರದು. ದುರ್ಬಲ ಜಾಗಗಳಲ್ಲಿ ಕಾರು ನಿಲ್ಲಿಸಲು ಸುರಕ್ಷಿತವಾಗಿದ್ದರೆ, ಹೊರಗಿಳಿದು ಇನ್ನೊಮ್ಮೆ ನೋಡಿ. ಕಾಡಿನೊಳಗೆ ಇಳಿಯುವಂತಿಲ್ಲ, ನೆನಪಿರಲಿ.

ಒಳಗಿನ ಮತ್ತು ಹೊರಗಿನ ಸಂಖ್ಯೆಗಳ ವ್ಯತ್ಯಾಸವೇ ಸೂರಿನ ಆಂಟೆನಾದಿಂದ ನಿಮಗೆ ಆಗಬಹುದಾದ ಲಾಭದ ಅಂದಾಜು. ಹೊರಗೂ ಸಂಕೇತ ಇಲ್ಲದಿದ್ದರೆ ಯಾವ ಚಂದಾವೂ ನೆರವಾಗದು. ಒಳಗೇ ಸಾಕಷ್ಟಿದ್ದರೆ ಯಾವ ಚಂದಾವೂ ಬೇಕಿಲ್ಲ. ಎರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ನೀವು ದಿನವೂ ಬಹಳ ಹೊತ್ತು ಇರುವಿರಾದರೆ ಮಾತ್ರ ಯೋಚಿಸಬಹುದು.

ಕಾಡಂಚಿನ ಊರುಗಳಿಗೆ ಬೇಕಿರುವುದು ಕಾರಿನೊಳಗಿನ ವೈ-ಫೈ ಅಲ್ಲ, ಊರಿಗೆ ತಲುಪುವ ಟವರು ಮತ್ತು ಟವರುಗಳನ್ನು ಹಂಚಿಕೊಳ್ಳುವ ಕಂಪನಿಗಳು. ಸರ್ಕಾರದ ನಿಧಿಯಿಂದ ನಿಂತ 4ಜಿ ಟವರುಗಳನ್ನು ಬೇರೆ ಬೇರೆ ಕಂಪನಿಗಳ ಗ್ರಾಹಕರೂ ಬಳಸಬಹುದಾದ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆಯಿತು. ಅದು ತಮ್ಮ ಊರಿಗೆ ಬಂದಿದೆಯೇ ಎಂದು ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಕೇಳುವುದು ಚಂದಾ ಕಟ್ಟುವುದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ. ಅಲ್ಲಿ ಒಬ್ಬರು ಕೇಳಿದರೆ ಹಾದುಹೋಗುವ ಎಲ್ಲ ಕಾರುಗಳಿಗೂ, ಕಾರಿಲ್ಲದೆ ನಡೆದುಹೋಗುವವರಿಗೂ ಪ್ರಯೋಜನ.

ಪರಿಚಿತರಿಗೆ ನಾನು ಹೇಳಿದ್ದು ಇಷ್ಟೇ: ಕಾರು ಕೊಳ್ಳಿ, ಉಚಿತ ಅವಧಿ ಇದ್ದರೆ ಬಳಸಿ ನೋಡಿ, ಹಣ ಕಟ್ಟುವ ದಿನ ಬಂದಾಗ ಬರೆದುಕೊಂಡ ಸಂಖ್ಯೆಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ. ಅಷ್ಟರೊಳಗೆ ಅಪ್ಪನ ಫೋನಿಗೆ ಬೇರೆ ಕಂಪನಿಯದೊಂದು ಸಿಮ್ ಹಾಕಿಸಿ, 112 ಒತ್ತುವುದನ್ನು ಅವರಿಗೆ ಹೇಳಿಕೊಡಿ.